ಲೈಸೆನ್ಸಿಗೊಂದು ವಿಳಾಸ

ವಡಪಳನಿ ಸಿಗ್ನಲ್ಲಿನಲ್ಲಿ ನನ್ನನ್ನು ಹಿಡಿದ ಪೊಲೀಸಿನವನು ಒಳ್ಳೆಯವನು. ಮುಂದೆ ಬರುವವರೆಲ್ಲ ಒಳ್ಳೆಯವರೇ, ನನ್ನ ಸಂಕಟ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಬೈದು ಮರೆತುಬಿಡಬಹುದಿತ್ತು. ಅವನು ಹೆಲ್ಮೆಟ್ ತೆಗೆಯಲು ಹೇಳಿದ, ನರೆತ ಕೂದಲು ನೋಡಿ ದನಿ ತಗ್ಗಿಸಿದ, ಲೈಸೆನ್ಸ್ ಕೇಳಿದ. ನಾನು ಜರ್ಮನಿಯ ಕಾರ್ಡನ್ನೂ ಅದರ ಜೊತೆಗೆ ಅಲ್ಲಿಯವರು ಕೊಟ್ಟ ಅಂತರರಾಷ್ಟ್ರೀಯ ಪರ್ಮಿಟ್ಟಿನ ಬೂದು ಪುಸ್ತಕವನ್ನೂ ಕೊಟ್ಟೆ. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ಫೋಟೋ ನೋಡಿದ, ಮತ್ತೆ ನನ್ನನ್ನು ನೋಡಿದ.

"ನೀಂಗ ಫಾರಿನರಾ?" ಎಂದು ಕೇಳಿದ.

ಹೌದು ಎಂದೆ, ತಮಿಳಿನಲ್ಲೇ. ಅವನಿಗೆ ನಗು ಬಂತು. ನನ್ನ ತಮಿಳು ಎಗ್ಮೋರಿನ ರೈಲ್ವೆ ಕ್ವಾರ್ಟರ್ಸಿನ ಗಲ್ಲಿಯಲ್ಲಿ ಜಗಳವಾಡುತ್ತ ಕಲಿತದ್ದು. ಮೂವತ್ತು ವರ್ಷ ಹೊರಗಿದ್ದರೂ ಅದರ ಒರಟುತನ ಹೋಗಿಲ್ಲ. ಪರ್ಮಿಟ್ಟಿನ ಅವಧಿ ಮುಗಿದು ಹನ್ನೆರಡು ದಿನವಾಗಿದೆ ಎಂದು ಅವನು ಬೆರಳಿಟ್ಟು ತೋರಿಸಿದಾಗಲೇ ನನಗೂ ಗೊತ್ತಾದದ್ದು. ದಂಡ ಹಾಕಲಿಲ್ಲ. ಇಲ್ಲಿಯ ಲೈಸೆನ್ಸೇ ಮಾಡಿಸಿಕೊಂಡುಬಿಡಿ, ನಿಮ್ಮದೇ ಊರಲ್ಲವಾ, ಏನು ಕಷ್ಟ ಎಂದು ಹೇಳಿ ಕಳಿಸಿದ. ಆ ಮಾತು ಕೇಳಿ ನನಗೆ ಹಿಗ್ಗಾಗಿತ್ತು ಎಂಬುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾನು ಚೆನ್ನೈಗೆ ಬಂದು ಆಗ ಒಂದು ವರ್ಷವಾಗಿತ್ತು. ಅಮ್ಮ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ನನ್ನ ತಮ್ಮ ಬ್ಯಾಂಕಿನಲ್ಲಿ ಮ್ಯಾನೇಜರು, ಅವನ ಹೆಂಡತಿ ಕಾಲೇಜಿನಲ್ಲಿ ಪಾಠ ಮಾಡುವವಳು. ಹಗಲು ಅಮ್ಮನ ಜೊತೆ ಯಾರಾದರೂ ಬೇಕಿತ್ತು. ಯಾರೂ ಕರೆಯುವ ಮೊದಲೇ ನಾನೇ ಬರುತ್ತೇನೆ ಎಂದೆ. ಗಂಡನಿಗೂ ಮಗನಿಗೂ ಹೇಳಿ, ಕಂಪ್ಯೂಟರಿನಲ್ಲೇ ಮಾಡುವ ಅರ್ಧ ದಿನದ ಕೆಲಸ ಇಟ್ಟುಕೊಂಡು ಹೊರಟು ಬಂದೆ. ಮೂರು ತಿಂಗಳು ಎಂದುಕೊಂಡದ್ದು ವರ್ಷವಾಯಿತು. ದಿನಾ ಸ್ನಾನ ಮಾಡಿಸುವುದು, ಕಾಲಿಗೆ ಎಣ್ಣೆ ಹಚ್ಚುವುದು, ವಾಕರ್ ಹಿಡಿಸಿ ಹಾಲಿನಲ್ಲಿ ನಡೆಸುವುದು ಎಲ್ಲ ನನ್ನ ಕೈಯಲ್ಲೇ ಆಗಬೇಕು.

ಬೈಕು ತಮ್ಮನದು. ಕಾರು ತೆಗೆದುಕೊಂಡ ಮೇಲೆ ಅದು ಗೇಟಿನ ಪಕ್ಕ ಧೂಳು ತಿನ್ನುತ್ತಿತ್ತು. "ಸುಮ್ಮಾ ನಿಂತಿದೆ ಅಕ್ಕ, ನೀನೇ ಓಡ್ಸು," ಎಂದು ಬಂದ ವಾರವೇ ಕೀ ಕೊಟ್ಟಿದ್ದ. ಜರ್ಮನಿಯಲ್ಲಿ ನಲವತ್ತನೇ ವಯಸ್ಸಿನಲ್ಲಿ ಹಠ ಹಿಡಿದು ಬೈಕು ಕಲಿತವಳು ನಾನು. ಬೆಳಿಗ್ಗೆ ಐದೂವರೆಗೆ ಎದ್ದು ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ, ಬೇಕಾದ್ದಕ್ಕಿಂತ ಹೆಚ್ಚು ತರಕಾರಿ ತಂದು, ಬೇಕೆಂದೇ ಸುತ್ತು ದಾರಿಯಲ್ಲಿ ವಾಪಸು ಬರುತ್ತಿದ್ದೆ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅದೊಂದು ಗಂಟೆ ಮಾತ್ರ ನಾನು ಯಾರ ಆಯಾನೂ ಅಲ್ಲ. ಅದು ಹೋದರೆ ನನಗೆ ಹುಚ್ಚು ಹಿಡಿಯುತ್ತಿತ್ತು ಎಂದು ಹೇಳುವುದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಪೊಲೀಸಿನವನು ಬಿಟ್ಟರೂ ಅಮ್ಮ ಬಿಡಲಿಲ್ಲ. ಅಮ್ಮ ಇನ್ಶೂರೆನ್ಸ್ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದವಳು, ಅದೂ ವಾಹನ ಅಪಘಾತದ ಕ್ಲೇಮುಗಳ ವಿಭಾಗದಲ್ಲಿ. ನಾನು ನಗುನಗುತ್ತ ಸಿಗ್ನಲ್ಲಿನ ಕಥೆ ಹೇಳಿದರೆ ಅವಳ ಮುಖ ಗಂಟಿಕ್ಕಿತು.

"ಲೈಸೆನ್ಸ್ ಇಲ್ದೋನು ಗುದ್ದಿದ್ರೆ, ಸತ್ತೋನ ಹೆಂಡ್ತಿ ವರ್ಷಾನುಗಟ್ಲೆ ಕೋರ್ಟು ಮೆಟ್ಲು ಹತ್ಬೇಕು. ನನ್ ಟೇಬಲ್ ಮುಂದೆ ಕೂತು ಅಳೋವ್ರು. ಕೀ ಕೊಡು ಇಲ್ಲಿ. ಕಾಗದ ಆಗೋವರ್ಗೂ ಗಾಡಿ ಮುಟ್ಬೇಡ."

ಕೀ ಅವಳ ದಿಂಬಿನ ಕೆಳಗೆ ಹೋಯಿತು. ಐವತ್ತೇಳು ವರ್ಷದ ನಾನು ಸೂಟ್‌ಕೇಸ್ ತೆಗೆದು ಕಾಗದಪತ್ರ ಹುಡುಕತೊಡಗಿದೆ.

ಆರ್.ಟಿ.ಓ. ಆಫೀಸಿನಲ್ಲಿ ಕೌಂಟರಿನ ಹಿಂದಿದ್ದ ಹೆಂಗಸು ನನ್ನ ಕಾಗದಗಳನ್ನು ತಾಳ್ಮೆಯಿಂದ ನೋಡಿದಳು. ಜರ್ಮನ್ ಪಾಸ್‌ಪೋರ್ಟು ಸರಿ. ಹುಟ್ಟಿನಿಂದ ಇಲ್ಲಿಯವರಾಗಿದ್ದು ಆಮೇಲೆ ಬೇರೆ ದೇಶದ ಪ್ರಜೆಗಳಾದವರಿಗೆ ಸರ್ಕಾರ ಕೊಡುವ ಚಿಕ್ಕ ಪುಸ್ತಕ, ಅದೂ ಸರಿ. ಆದರೆ ಇವುಗಳಲ್ಲಿ ಯಾವುದರಲ್ಲೂ ಚೆನ್ನೈ ವಿಳಾಸವಿಲ್ಲ. ಇರುವುದು ಎಲ್ಲಿ ಎಂದು ಕೇಳಿದಳು. ಹೇಳಿದೆ.

"ಸೊಂದ ವೀಡಾ, ವಾಡಗೈಯಾ?"

ಸ್ವಂತದ್ದೋ ಬಾಡಿಗೆಯದೋ ಎಂಬ ಪ್ರಶ್ನೆಗೆ ನಾನು ಯೋಚಿಸಲೂ ಇಲ್ಲ. ಸೊಂದ ವೀಡು ಎಂದೆ. ಹಾಗಾದರೆ ಮನೆಯ ಕರೆಂಟ್ ಬಿಲ್ಲು ತನ್ನಿ ಎಂದಳು. ಬಿಲ್ಲು ಅಮ್ಮನ ಹೆಸರಿನಲ್ಲಿದೆ ಎಂದೆ. ಚಿಂತೆಯಿಲ್ಲ, ಇವಳು ನನ್ನ ಮಗಳು, ಖಾಯಂ ಆಗಿ ಈ ಮನೆಯಲ್ಲೇ ವಾಸವಾಗಿದ್ದಾಳೆ ಎಂದು ಮಾಲೀಕರಿಂದ ಒಂದು ಪತ್ರ ಬರೆಸಿ, ಬಿಲ್ಲಿನ ಜೊತೆ ಲಗತ್ತಿಸಿ ಎಂದಳು. ಎರಡು ಸಾಲಿನ ಪತ್ರ. ಮನೆಗೆ ಬಂದು ನಾನೇ ಟೈಪು ಮಾಡಿ, ಊಟದ ಮೇಜಿನ ಮೇಲೆ ಇಟ್ಟೆ. ಅಮ್ಮ ನಿದ್ದೆಯಲ್ಲಿದ್ದಳು, ಎದ್ದ ಮೇಲೆ ಸಹಿ ಹಾಕಿಸಿದರಾಯಿತು ಎಂದುಕೊಂಡೆ.

ಸಂಜೆ ಬ್ಯಾಂಕಿನಿಂದ ಬಂದ ತಮ್ಮ ಕಾಫಿ ಕುಡಿಯುತ್ತ ಆ ಪತ್ರ ಓದಿದ. ಎರಡು ಸಾಲು ಓದುವುದಕ್ಕೆ ಇಡೀ ಲೋಟ ಕಾಫಿ ಮುಗಿಯಿತು.

"ಅಕ್ಕ, ಇದು ಬೇಡ," ಎಂದ.

"ಯಾಕೆ?"

"ಖಾಯಂ ವಾಸ ಅಂತ ಅಮ್ಮ ಬರ್ಕೊಟ್ರೆ ನಾಳೆ ಅದೇ ಒಂದು ಡಾಕ್ಯುಮೆಂಟ್ ಆಗತ್ತೆ. ಗವರ್ಮೆಂಟ್ ಫೈಲಲ್ಲಿ ಕೂತ್ಕೊಳತ್ತೆ."

"ಕೂತ್ಕೊಳ್ಲಿ. ಅದರಲ್ಲಿ ಸುಳ್ಳೇನಿದೆ?"

"ಅಪ್ಪಡಿ ಇಲ್ಲ ಅಕ್ಕ, ಹಂಗಲ್ಲ. ನಿನ್ ಮೇಲೆ ನಂಗೆ ಡೌಟೇ ಇಲ್ಲ. ಆದ್ರೆ ನಿನ್ನ ಮಗ ನಾಳೆ ಹೆಂಗಿರ್ತಾನೋ, ಯಾರಿಗ್ಗೊತ್ತು? ಬ್ಯಾಂಕಲ್ಲಿ ದಿನಾ ನೋಡ್ತೀನಿ. ಇಂಥ ಒಂದು ಲೆಟರ್ ಇಟ್ಕೊಂಡು ಹತ್ತು ವರ್ಷ ಎಳೀತಾರೆ."

ಆಗ ನನಗೆ ಅರ್ಥವಾಯಿತು. ವಡಪಳನಿಯ ಈ ಮನೆ ಅಪ್ಪ ರೈಲ್ವೆಯಿಂದ ನಿವೃತ್ತನಾಗುವ ಮೊದಲು ಅಮ್ಮನ ಹೆಸರಿನಲ್ಲಿ ಕಟ್ಟಿಸಿದ್ದು. ಅಮ್ಮನ ನಂತರ ಅದು ತಮ್ಮನಿಗೆ ಎಂಬುದು ಮನೆಯಲ್ಲಿ ಯಾರೂ ಆಡದ, ಎಲ್ಲರೂ ಒಪ್ಪಿದ ಮಾತಾಗಿತ್ತು. ನಾನು ಎಂದೂ ಪಾಲು ಕೇಳಿರಲಿಲ್ಲ. ಬೇಡ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಅದೂ ನಿಜ. ಹೇಳಬೇಕು ಎಂದು ನನಗೆ ಹೊಳೆದಿರಲಿಲ್ಲ. ಅವನಿಗೆ ಮಾತ್ರ ನನ್ನ ಆ ಮೌನ ವರ್ಷಗಟ್ಟಲೆ ಕೊರೆಯುತ್ತಿತ್ತು ಎಂದು ಅವನ ಮುಖ ಹೇಳುತ್ತಿತ್ತು.

"ಹಂಗಿದ್ರೆ ನಾನೆಲ್ಲಿ ಇರೋದು ಅಂತ ಬರೀಲಿ?" ಎಂದು ಕೇಳಿದೆ.

"ಬೈಕು ಯಾತಕ್ಕೆ, ಡ್ರೈವರ್ ಇಟ್ಟುಕೊಡ್ತೀನಿ. ಬೆಳಿಗ್ಗೆ ಕಾರು ತಗೊಂಡು ಎಲ್ಲಿಗ್ ಬೇಕಾದ್ರೂ ಹೋಗು. ಬೈಕೇ ಬೇಕಾ, ಹೊಸಾದೇ ತೆಗೆದುಕೊಡ್ತೀನಿ." ಅವನು ಕೊಡುತ್ತಿದ್ದ, ಅನುಮಾನವಿಲ್ಲ. ಎರಡು ಸಾಲಿನ ಆ ಕಾಗದವೊಂದನ್ನು ಬಿಟ್ಟು ಏನು ಕೇಳಿದರೂ ಕೊಡುತ್ತಿದ್ದ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಅಜ್ಜಿ ಹೇಳುತ್ತಿದ್ದಾಗ ನಾನು ಅವಳ ಜೊತೆ ಜಗಳವಾಡಿದ್ದೇನೆ. ಅಜ್ಜಿ ಮೈಸೂರಿನ ಕಡೆಯವಳು, ಓದಿದವಳಲ್ಲ, ಹಳೆಯ ಕಾಲದವಳು. ನಮ್ಮ ಮನೆಯಲ್ಲಿ ಎಲ್ಲರೂ ಓದಿದವರು.

ಒಂದು ವಾರ ನಾನೂ ಅವನೂ ಉಪ್ಪು ಸಾರುಗಳ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಭಾನುವಾರ ಅವನೇ ಒಂದು ದಾರಿ ಹುಡುಕಿ ತಂದ. ಸ್ಟಾಂಪ್ ಪೇಪರಿನ ಮೇಲೆ ಟೈಪು ಮಾಡಿಸಿದ ಬಾಡಿಗೆ ಕರಾರು. ಮಾಲೀಕರು ಅಮ್ಮ. ಬಾಡಿಗೆದಾರರು ನಾನು. ಅವಧಿ ಹನ್ನೊಂದು ತಿಂಗಳು. ಆರ್.ಟಿ.ಓ.ದಲ್ಲಿ ಇದನ್ನು ಧಾರಾಳವಾಗಿ ಒಪ್ಪುತ್ತಾರಂತೆ, ವಿದೇಶಿಯರೆಲ್ಲ ಹೀಗೇ ಮಾಡುವುದಂತೆ. ಬಾಡಿಗೆದಾರರಿಗೆ ಮನೆಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬುದನ್ನು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬರೀ ಫಾರ್ಮಾಲಿಟಿ ಅಕ್ಕ," ಎಂದ.

ನಾನು ಓದಿದೆ. ಬಾಡಿಗೆ ಎಂದು ಯಾವುದೋ ಒಂದು ಅಂಕಿ ಇತ್ತು. ಮೊದಲನೇ ಮಹಡಿಯ ರಸ್ತೆ ಕಡೆಯ ಕೋಣೆಯನ್ನು ವಾಸಕ್ಕೆ ಮಾತ್ರ ಉಪಯೋಗಿಸತಕ್ಕದ್ದು. ಆ ಕೋಣೆಯಲ್ಲಿ ಕೂತೇ ನಾನು ಪ್ಲಸ್ ಟೂಗೆ ಓದಿದ್ದು. ಗೋಡೆಗೆ ಮೊಳೆ ಹೊಡೆಯಕೂಡದು. ಮಾಲೀಕರ ಒಪ್ಪಿಗೆಯಿಲ್ಲದೆ ಯಾರನ್ನೂ ಇರಿಸಿಕೊಳ್ಳಕೂಡದು. ಅವಧಿ ಮುಗಿದಾಗ ಸುಸ್ಥಿತಿಯಲ್ಲಿ ಖಾಲಿ ಮಾಡಿ ಒಪ್ಪಿಸತಕ್ಕದ್ದು. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಆದರೂ ಹರಿದು ಹಾಕಲಿಲ್ಲ, ಯಾಕೆಂದರೆ ನನಗೊಂದು ನಂಬಿಕೆ ಇತ್ತು. ಸಹಿ ಹಾಕಬೇಕಾದವಳು ಅಮ್ಮ. ಅವಳು ಅಲ್ಪವಿರಾಮವನ್ನೂ ಬಿಡದೆ ಓದಿಯೇ ಸಹಿ ಹಾಕುವವಳು. ಸ್ವಂತ ಮಗಳನ್ನು ಬಾಡಿಗೆದಾರಳೆಂದು ಬರೆದ ಕಾಗದವನ್ನು ಅವಳು ಮಗನ ಮುಖಕ್ಕೆ ಎಸೆಯುತ್ತಾಳೆ ಎಂದು ಕಾದೆ. ಕೆಟ್ಟ ಕುತೂಹಲದಿಂದ ನಾನೇ ಒಯ್ದು ಅವಳ ಮಡಿಲಲ್ಲಿಟ್ಟೆ.

ಅಮ್ಮ ಕನ್ನಡಕ ಹಾಕಿಕೊಂಡು ಮೂರು ಹಾಳೆಯನ್ನೂ ಓದಿದಳು. ಎರಡನೇ ಹಾಳೆಯನ್ನು ಎರಡು ಸಲ. ತಮ್ಮ ಬಾಗಿಲಲ್ಲಿ ನಿಂತು ಫೋನು ನೋಡುವವನ ಹಾಗೆ ಮಾಡುತ್ತಿದ್ದ.

"ಹನ್ನೊಂದು ತಿಂಗಳು ಅಂತಿದೆ," ಎಂದಳು.

"ಹೂಂ."

"ಪೆನ್ನು ಕೊಡು."

ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದಳು. ಆಫೀಸಿನಲ್ಲಿ ಹಾಕುತ್ತಿದ್ದ ಪೂರ್ತಿ ಸಹಿ, ಕೆಳಗೆ ಎರಡು ಗೀಟು. ತಮ್ಮ ಹೊರಗೆ ಹೋದ ಮೇಲೆ ನಾನು ಕೇಳಿದೆ, "ಓದಿದ್ಯಲ್ಲಮ್ಮ, ಏನೂ ಅನ್ನಿಸ್ಲಿಲ್ವಾ ನಿಂಗೆ?"

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಅನ್ನಿಸ್ದೆ ಏನು? ನೀನು ಇವತ್ತಲ್ಲ ನಾಳೆ ಹೊರಡೋಳು. ನಾನು ಅವನ ಕೈಲಿ ಸಾಯೋಳು. ನಿನ್ ಪರ ಮಾತಾಡಿ ಅವನ ಜೊತೆ ಹೆಂಗಮ್ಮ ಇರ್ಲಿ?"

ಅವಳು ಹೇಳಿದ್ದು ಸರಿಯಾಗೇ ಇತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಮಹಡಿಗೆ ಹೋಗಿ ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಆಮೇಲೆ ಇಳಿದು ಬಂದು, ಬಾಡಿಗೆದಾರರು ಎಂದಿದ್ದ ಕಡೆ ನಾನೂ ಸಹಿ ಹಾಕಿದೆ. ಬೈಕು ಬೇಕಾಗಿತ್ತು ನನಗೆ.

ಆರ್.ಟಿ.ಓ. ಹೆಂಗಸು ಕರಾರು ನೋಡಿ, ಮೊದಲು ಸೊಂದ ವೀಡು ಎಂದಿರಲ್ಲ ಎಂದಳು. ತಪ್ಪಾಗಿ ಹೇಳಿದ್ದೆ ಎಂದೆ. ಅವಳು ಠಸ್ಸೆ ಹೊಡೆದಳು. ಮುಂದಿನದೆಲ್ಲ ಸಲೀಸು. ಕಲಿಯುವವರಿಗೆ ಕೊಡುವ ಎಲ್.ಎಲ್.ಆರ್. ಸಿಕ್ಕಿತು. ತಿಂಗಳ ನಂತರ ಕಾಲೇಜು ಹುಡುಗರ ಸಾಲಿನಲ್ಲಿ ನಿಂತು, ನೆಲದ ಮೇಲೆ ಗೀಚಿದ ಎಂಟರ ಅಂಕಿಯ ಮೇಲೆ ಕಾಲೂರದೆ ಬೈಕು ಓಡಿಸಿ ತೋರಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಲೈಸೆನ್ಸ್ ಅಂಚೆಯಲ್ಲಿ ಬಂದ ದಿನ ತಮ್ಮ ಮೈಸೂರುಪಾಕು ತಂದ. ಅವನ ಖುಷಿಯಲ್ಲಿ ಕಪಟವಿರಲಿಲ್ಲ, ನಾನು ತಿಂದೆ. ಅಮ್ಮ ದಿಂಬಿನ ಕೆಳಗಿನಿಂದ ಕೀ ತೆಗೆದುಕೊಟ್ಟಳು.

ಮತ್ತೆ ಕೋಯಂಬೇಡು ಶುರುವಾಯಿತು. ಗಾಡಿ ಹಳೆಯದೇ, ದಾರಿ ಹಳೆಯದೇ. ಮೊದಲಿನ ಹಿತ ಮಾತ್ರ ಬರಲಿಲ್ಲ. ಮನೆಯಲ್ಲಿ ನಾನು ಬೇಕೆಂದೇ ಅತಿಥಿಯ ಹಾಗೆ ನಡೆದುಕೊಳ್ಳತೊಡಗಿದೆ. ಫ್ರಿಜ್ ತೆಗೆಯುವ ಮೊದಲು ಕೇಳುವುದು, ಕ್ಯಾಲೆಂಡರ್ ನೇತು ಹಾಕಲು ಮೊಳೆ ಹೊಡೆಯಬಹುದಾ ಎಂದು ಎಲ್ಲರ ಮುಂದೆ ಕೇಳುವುದು. ತಮ್ಮ ತಲೆ ತಗ್ಗಿಸುತ್ತಿದ್ದ. ಅದು ನನಗೆ ರುಚಿಸುತ್ತಿತ್ತು.

ಒಂದು ಮಂಗಳವಾರ ನಾನು ಸಂಜೆ ಔಷಧಿ ತರಲು ಹೊರಟು ಗಾಡಿ ತಿರುಗಿಸುತ್ತಿದ್ದೆ. ಅಮ್ಮ ವಾಕರ್ ಹಿಡಿದು ಒಬ್ಬಳೇ ಗೇಟಿನವರೆಗೆ ನಡೆದು ಬಂದಳು. ಬಿದ್ದ ಮೇಲೆ ಅಷ್ಟು ದೂರ ನಡೆದದ್ದು ಅದೇ ಮೊದಲು. ತಲೆ ಬಾಚಿಕೊಂಡಿದ್ದಳು, ಇಸ್ತ್ರಿ ಮಾಡಿದ ಸೀರೆ, ಮಲ್ಲಿಗೆ ಕೂಡ. ಯಾವಾಗ ಉಟ್ಟುಕೊಂಡಳೋ, ಒಬ್ಬಳೇ ಹೇಗೆ ಉಟ್ಟುಕೊಂಡಳೋ.

"ಮುರುಗನ್ ಕೋವಿಲ್ಗೆ ಕರ್ಕೊಂಡ್ಹೋಗ್ತೀಯಾ? ನಿಮ್ಮಪ್ಪನ ಹಿಂದೆ ಕೂತು ಹೋಗ್ತಿದ್ದೆ, ಪ್ರತಿ ಮಂಗಳವಾರ. ಇಲ್ಲೇ ತಾನೇ, ಮೆಲ್ಲಗೆ ಹೋಗು. ಈಗ ಲೈಸೆನ್ಸ್ ಇದ್ಯಲ್ಲ."

ಡಾಕ್ಟರು ಬೈಕು ಹತ್ತಬಾರದು ಎಂದಿದ್ದಾರೆ ಎನ್ನಬಹುದಿತ್ತು. ಅದು ನಿಜವೂ ಹೌದು. ಆಟೋದಲ್ಲಿ ಹೋಗೋಣ ಎನ್ನಬಹುದಿತ್ತು. ನಾನು ಹೆಲ್ಮೆಟ್ಟಿನ ಗಾಜು ಎತ್ತಿ, ನಗುತ್ತಲೇ ಹೇಳಿದೆ:

"ಮನೆ ಓನರನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ಬೇಕು ಅಂತ ಅಗ್ರಿಮೆಂಟಲ್ಲಿ ಬರೆದಿಲ್ವಲ್ಲಮ್ಮ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಆಫೀಸಿನಲ್ಲಿ ಯಾರಿಗೋ ಉತ್ತರ ಕೊಡುವವಳ ಹಾಗೆ, "ಹೌದು, ಬರೆದಿರ್ಲಿಲ್ಲ," ಎಂದಳು.

ಆಮೇಲೆ ವಾಕರನ್ನು ತಿರುಗಿಸತೊಡಗಿದಳು. ವಾಕರ್ ತಿರುಗಿಸುವುದು ಅವಳಿಗೆ ಬಲು ಕಷ್ಟ, ನಾಲ್ಕು ಕಾಲನ್ನೂ ಇಷ್ಟಿಷ್ಟೇ ಎತ್ತಿ ಇಡಬೇಕು, ನಾನು ಸೊಂಟ ಹಿಡಿದುಕೊಳ್ಳದೆ ಅವಳು ಎಂದೂ ತಿರುಗಿದವಳಲ್ಲ. ಅವತ್ತು ನಾನು ಗಾಡಿಯ ಮೇಲೆ ಕೂತೇ ನೋಡಿದೆ. ಇಂಜಿನ್ ಆಫ್ ಕೂಡ ಮಾಡಲಿಲ್ಲ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನ ಕೆಲಸಕ್ಕೆ ಅವಳಿಗೆ ಐದು ನಿಮಿಷ ಹಿಡಿಯಿತು.

ಮುಂದಿನ ಮಂಗಳವಾರ ಆಟೋ ಕರೆಸಿ ಗೇಟಿನಲ್ಲಿ ನಿಲ್ಲಿಸಿ ಕರೆದೆ. ಅದರ ಮುಂದಿನ ವಾರವೂ ಕರೆದೆ. "ಬೇಡಮ್ಮ, ನಿಂಗ್ಯಾಕೆ ತೊಂದ್ರೆ," ಎಂದಳು. ಆ ಮಾತನ್ನು ಅವಳು ಹೊರಗಿನವರಿಗೆ ಹೇಳುವ ದನಿಯಲ್ಲಿ ಹೇಳಿದಳು.