ಕೊನೆಯ ಏಳು ಕಿಲೋಮೀಟರು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಜೇಬಕ್ಕ ಎಂದೇ ಹೆಸರು. ವಾರ್ಡುಗಳಿಂದ ಗಂಟುಗಟ್ಟಿ ಬರುವ ಕೋಟು, ಗೌನು, ಪೈಜಾಮಗಳನ್ನು ಯಂತ್ರಕ್ಕೆ ತುಂಬುವ ಮುಂಚೆ ಜೇಬು ತಡಕುವುದು ಅವಳ ಕೆಲಸ. ಕತ್ತರಿ, ಸೂಜಿ, ಥರ್ಮಾಮೀಟರು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು, ಎಲ್ಲವೂ ಅವಳ ಬೆರಳಿಗೆ ಸಿಕ್ಕಿವೆ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಯಂತ್ರಕ್ಕೆ ಹೋದದ್ದು ಒಂದೇ ಒಂದು ಪೆನ್ನು. ಅದೂ ಅವಳು ಜ್ವರವೆಂದು ರಜೆ ಹಾಕಿದ್ದ ದಿನ.

ಮನೆಯಲ್ಲೂ ಅದೇ ಕೆಲಸ, ಸಂಬಳ ಮಾತ್ರ ಇಲ್ಲ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಗಂಡ ಅಂಗಿ ಬಿಚ್ಚಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರೆ ಅವನ ಪಾಲಿಗೆ ಆ ಅಂಗಿಯ ಕಥೆ ಮುಗಿಯಿತು. ಅದು ಇಸ್ತ್ರಿಯಾಗಿ ಮತ್ತೆ ಕಪಾಟಿನಲ್ಲಿ ಪ್ರತ್ಯಕ್ಷವಾಗುವವರೆಗೆ ನಡುವೆ ಏನೇನಾಗುತ್ತದೆ ಎಂದು ಅವನು ಕೇಳಿದವನಲ್ಲ.

ಇಂಥವಳಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಕಾರು ಬಂತು. ಕೊಟ್ಟವಳು ಚಿಕ್ಕಮ್ಮ. ಮದುವೆಯ ಗೊಡವೆಗೆ ಹೋಗದೆ, ಮೂವತ್ತು ವರ್ಷ ಹೆರಿಗೆ ನರ್ಸಾಗಿ ಹೊತ್ತು ಗೊತ್ತಿಲ್ಲದೆ ಮನೆಮನೆಗೆ ತಾನೇ ಕಾರು ಓಡಿಸಿಕೊಂಡು ಹೋದವಳು. ಶಾಲೆಗೆ ರಜೆ ಬಂದಾಗ ಜೇಬಕ್ಕ ಅವಳ ಪಕ್ಕದಲ್ಲಿ ಕೂತು, ಗೇರು ಬದಲಿಸುವ ಆ ಕೈಯನ್ನೇ ನೋಡುತ್ತಿದ್ದಳು. ಈಗ ಚಿಕ್ಕಮ್ಮನಿಗೆ ಕಣ್ಣು ಮಂಜು. ಇರುವುದೋ ಒಂಬೈನೂರು ಕಿಲೋಮೀಟರು ದೂರದಲ್ಲಿ.

"ಮಾರೋಕೆ ಮನಸ್ಸಿಲ್ಲ ಕಣೇ," ಎಂದಳು ಫೋನಿನಲ್ಲಿ. "ನಿಂಗೇ ಕೊಡ್ತೀನಿ, ನಿನ್ನ ಹೆಸರಿಗೇ ಮಾಡಿಸ್ತೀನಿ. ಆದ್ರೆ ಓಡಿಸೋಳು ನೀನೇ ಆಗ್ಬೇಕು. ಇನ್ನೊಬ್ಬರ ಪಕ್ಕದಲ್ಲಿ ಕೂತ್ಕೊಂಡು ಹೋಗೋದಕ್ಕಾದ್ರೆ ಬಸ್ಸಿದೆ."

ಜೇಬಕ್ಕ ಕಲಿಯುವವರ ಲೈಸೆನ್ಸು ಮಾಡಿಸಿದಳು. ಡ್ರೈವಿಂಗ್ ಕಲಿಸುವ ಮೇಷ್ಟ್ರು ಬಸ್ಸು ಓಡಿಸಿ ನಿವೃತ್ತರಾದವರು. ಅವರ ಪಾಠ ಬೆಳಗ್ಗೆ ಆರಕ್ಕೆ. ಆರಕ್ಕೆ ಸ್ಟೀರಿಂಗ್ ಹಿಡಿಯಬೇಕಾದರೆ ನಾಲ್ಕೂವರೆಗೆ ಒಲೆ ಹಚ್ಚಬೇಕು. ಎರಡೂ ಹೊತ್ತಿನ ಅಡುಗೆ, ಗಂಡನ ಡಬ್ಬಿ, ಮಹಡಿಯ ಕೋಣೆಯಲ್ಲಿರುವ ಮೈದುನನ ಡಬ್ಬಿ, ನೆನೆಹಾಕಿದ ಬಟ್ಟೆ. ಅಷ್ಟು ಮುಗಿಸಿ ಕ್ಲಚ್ಚಿನ ಮೇಲೆ ಕಾಲಿಟ್ಟಾಗ ಕಾಲು ನಡುಗುತ್ತಿತ್ತು.

"ಹೆದರಿಕೆನಾ ಅಮ್ಮ?" ಎಂದು ಮೇಷ್ಟ್ರು ಕೇಳಿದರು.

"ಅಲ್ಲ ಮೇಷ್ಟ್ರೇ. ಎದ್ದಾಗಿಂದ ಇವತ್ತು ಕೂತಿದ್ದು ಈಗಲೇ."

ಕಾರನ್ನು ತರುವುದು ಹೇಗೆ ಎಂಬ ಮಾತು ಬಂದಾಗ ಗಂಡನ ಬಳಿ ಉತ್ತರ ತಯಾರಿತ್ತು. ಅವನ ಪರ್ಸಿನಲ್ಲಿ ಹದಿನೆಂಟು ವರ್ಷದಿಂದ ಒಂದು ಲೈಸೆನ್ಸು ಬೆಚ್ಚಗೆ ಮಲಗಿತ್ತು. ಓಡಿಸಿದ್ದಕ್ಕಿಂತ ಅದನ್ನು ತೆಗೆದು ತೋರಿಸಿದ್ದೇ ಹೆಚ್ಚು.

"ನಾನೂ ತಮ್ಮನೂ ರೈಲಲ್ಲಿ ಹೋಗಿ ಎರಡು ದಿನದಲ್ಲಿ ಓಡಿಸ್ಕೊಂಡು ಬಂದ್ಬಿಡ್ತೀವಿ. ನೀನೇನೂ ತಲೆ ಕೆಡಿಸ್ಕೋಬೇಡ. ದಾರಿಗೆ ಒಂದಷ್ಟು ತಿಂಡಿ ಕಟ್ಟಿಕೊಡು ಸಾಕು."

ಈ ದಾರಿ ಅವಳಿಗೆ ಹೊಸದಲ್ಲ. ಅವಳ ಹೆಚ್ಚುವರಿ ಪಾಳಿಯ ದುಡ್ಡಿನಲ್ಲಿ ಸ್ಕೂಟರ್ ಬಂದಾಗ ಅಂಗಡಿಯಿಂದ ಮನೆಗೆ ಅದನ್ನು ಓಡಿಸಿಕೊಂಡು ಬಂದವನು ಅವನು. ಗೇಟಿನೊಳಗೆ ಬರುವಷ್ಟರಲ್ಲಿ ಅದು 'ನನ್ನ ಗಾಡಿ' ಆಗಿತ್ತು. ಅವಳು ಇವತ್ತಿಗೂ ಬಸ್ಸಿಗೇ ಕಾಯುತ್ತಾಳೆ. ಯಾರು ಮನೆ ತನಕ ತರುತ್ತಾರೋ ಗಾಡಿ ಅವರದು. ಒಂಬೈನೂರು ಕಿಲೋಮೀಟರು ಅವನು ಓಡಿಸಿಬಿಟ್ಟರೆ ಚಿಕ್ಕಮ್ಮನ ಮಾತು ದಾರಿಯಲ್ಲೇ ಬಿದ್ದುಹೋಗುತ್ತದೆ.

"ಲಾರಿಯಲ್ಲಿ ತರಿಸ್ತೀನಿ," ಎಂದಳು.

"ಕಾರನ್ನ ಲಾರಿಯಲ್ಲಿ ಹೊರಿಸೋದಾ?" ಮೈದುನ ನಕ್ಕ. "ಅತ್ತಿಗೆ, ಹಾಗಾದ್ರೆ ನನ್ನ ಚಪ್ಪಲೀನೂ ಪಾರ್ಸಲ್ ಮಾಡ್ತೀನಿ, ನಾನು ಬರಿಗಾಲಲ್ಲಿ ಹೋಗ್ತೀನಿ."

ಸಾಗಣೆ ಕಂಪನಿಯ ಆಫೀಸು ಟೈರು ಅಂಗಡಿಯ ಮೇಲಿನ ಒಂದು ಕೋಣೆ. ಏಜೆಂಟ್ ಅವಳ ಬೆನ್ನ ಹಿಂದೆ ಬಾಗಿಲತ್ತ ನೋಡಿದ.

"ಯಜಮಾನ್ರು ಬಂದಿಲ್ವಾ ಅಮ್ಮ?"

"ಯಜಮಾನಿ ಬಂದಿದ್ದಾಳೆ. ಫಾರಂ ಕೊಡಿ."

ಕಾರು ಹೊರುವ ಲಾರಿ ಊರೊಳಗೆ ಬರುವುದಿಲ್ಲ. ಏಳು ಕಿಲೋಮೀಟರು ಆಚೆ ಇರುವ ಗೋಡೌನಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಲೈಸೆನ್ಸು ಇರುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯುವವಳು ಓಡಿಸಬಹುದು. ಮೇಷ್ಟ್ರು ಬರಲು ಒಪ್ಪಿದ್ದರು. ಫಾರಂ ತುಂಬಿದಳು. ಕೊನೆಯಲ್ಲಿ 'ಇನ್ನೊಂದು ಫೋನ್ ನಂಬರು' ಎಂದಿತ್ತು. ಕೈ ತಾನಾಗಿ ಗಂಡನ ನಂಬರು ಬರೆಯಿತು. ಗ್ಯಾಸಿಗೆ, ಬ್ಯಾಂಕಿಗೆ, ತನ್ನದೇ ರಕ್ತಪರೀಕ್ಷೆಯ ಚೀಟಿಗೆ ಇಷ್ಟು ವರ್ಷ ಬರೆದ ನಂಬರು. ತನ್ನ ನಂಬರಿಗೆ ಅವಳು ಒಂದು ಕ್ಷಣ ಯೋಚಿಸಬೇಕಿತ್ತು. ಅವನದಕ್ಕೆ ಬೇಕಿರಲಿಲ್ಲ.

ಆ ತುದಿಯಲ್ಲಿ ಕಾರು ಲಾರಿಗೆ ಹತ್ತುವ ದಿನ ಚಿಕ್ಕಮ್ಮ ಫೋನು ಹಿಡಿದುಕೊಂಡೇ ಕಾರಿನ ಸುತ್ತ ನಡೆದಳು. ಮುಂಚಿನಿಂದಲೇ ಇರುವ ಗೀರು, ನೆಗ್ಗುಗಳನ್ನು ಕಂಪನಿಯವನು ಒಂದು ಹಾಳೆಯ ಮೇಲೆ ಗುರುತು ಮಾಡಬೇಕಿತ್ತು. ಚಿಕ್ಕಮ್ಮ ಕಣ್ಣು ಸರಿಯಾಗಿ ಕಾಣದೆ ಬೆರಳಲ್ಲೇ ಹುಡುಕಿ ತೋರಿಸುತ್ತಿದ್ದಳು.

"ಇಲ್ಲಿ ಬರ್ಕೋ. ಇದು ಅವಳಿ ಹುಟ್ಟಿದ ದಿನ ಅವರ ಗೇಟಿಗೆ ತಾಗಿದ್ದು. ಇದು ಎಮ್ಮೆ. ಇದು ಮಾತ್ರ ನಂದೇ ತಪ್ಪು."

ಹನ್ನೊಂದು ಗುರುತುಗಳಾದವು.

"ಚಿಕ್ಕಮ್ಮ, ನನ್ನನ್ನ ಗಂಡನ ಮನೆಗೆ ಕಳಿಸುವಾಗ್ಲೂ ಇಂಥದ್ದೊಂದು ಹಾಳೆ ಮಾಡಿಸಿದ್ದಿದ್ರೆ ಆಗ್ತಿತ್ತು," ಎಂದಳು ಜೇಬಕ್ಕ.

ಚಿಕ್ಕಮ್ಮ ನಗಲು ಹೊರಟವಳು ತಡೆದು, ಹಾಳೆಯ ಒಂದು ಪ್ರತಿಯನ್ನು ಜೇಬಕ್ಕನಿಗೂ ಕಳಿಸುವಂತೆ ಕಂಪನಿಯವನಿಗೆ ಹೇಳಿದಳು.

ಲಾರಿ ಗುರುವಾರ ಬರುವುದೆಂದು ಹೇಳಿದ್ದರು. ಅದಕ್ಕೂ ಮುಂಚೆ ಜೇಬಕ್ಕ ಮೂರು ಸಂಜೆ ಬಸ್ಸಿನಲ್ಲಿ ಗೋಡೌನಿನ ತನಕ ಹೋಗಿ ಬಂದಳು. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು, ಏಜೆಂಟ್ ಮುದ್ರಿಸಿಕೊಟ್ಟ ಗೀರುಗಳ ಹಾಳೆಯ ಹಿಂಬದಿಯಲ್ಲಿ ದಾರಿ ಬರೆದುಕೊಂಡಳು. ಪೆಟ್ರೋಲ್ ಬಂಕು ದಾಟಿ ಎರಡು ಹಂಪು. ಬಾಟಲಿ ಕಾರ್ಖಾನೆಯ ತಿರುವಿನಲ್ಲಿ ಎರಡನೇ ಗೇರು. ರೈಲ್ವೆ ಸೇತುವೆಯ ಏರಿನಲ್ಲಿ ಸಿಗ್ನಲ್ಲು ಬಿದ್ದರೆ ಗಾಡಿ ಹಿಂದಕ್ಕೆ ಜಾರದ ಹಾಗೆ ಅರ್ಧ ಕ್ಲಚ್ಚು. ಪಾತ್ರೆ ಉಜ್ಜುವಾಗ ಎಡಗಾಲು ನೆಲದ ಮೇಲೆ ತಾನಾಗಿ ಕ್ಲಚ್ಚು ಒತ್ತುತ್ತಿತ್ತು. 'ಎಲ್' ಎಂದು ಕೆಂಪಾಗಿ ಬರೆದ ಎರಡು ಸ್ಟಿಕರುಗಳು ಊಟದ ಡಬ್ಬಿಯ ಚೀಲದಲ್ಲಿ ಕಾಯುತ್ತಿದ್ದವು.

ಲಾರಿ ಒಂದು ದಿನ ಮುಂಚೆ, ಬುಧವಾರವೇ ಬಂತು. ಏಜೆಂಟ್ ಎರಡು ಸಲ ಅವಳಿಗೆ ಫೋನು ಮಾಡಿದ. ಒದ್ದೆ ಬಟ್ಟೆಯ ಕೋಣೆಗೆ ಫೋನು ಒಯ್ಯುವ ಹಾಗಿಲ್ಲ, ಅದು ಅಲಮಾರಿನಲ್ಲಿ ಗುಂಯ್ಗುಟ್ಟಿ ಸುಮ್ಮನಾಯಿತು. ಆಗ ಅವನು ಇನ್ನೊಂದು ನಂಬರಿಗೆ ಮಾಡಿದ.

ಸಂಜೆ ಐದೂವರೆಗೆ ಅವಳು ಬೀದಿಯ ತಿರುವಿಗೆ ಬಂದಾಗ ನೀಲಿ ಕಾರು ಗೇಟಿನೊಳಗೆ ನಿಂತಿತ್ತು. ನಾಲ್ಕೂ ಬಾಗಿಲು ತೆರೆದಿದ್ದವು. ಮೈದುನ ಮುಂದಿನ ಸೀಟಿನಲ್ಲಿ ರೇಡಿಯೋ ತಿರುವುತ್ತಿದ್ದ. ಗಂಡ ಬಾನೆಟ್ಟಿಗೆ ಒರಗಿ, ಪಕ್ಕದ ಮನೆಯವರಿಗೆ ಇಂಜಿನ್ನಿನ ವಿಷಯ ಹೇಳುತ್ತಿದ್ದ.

"ನೋಡು, ಅರ್ಧ ದಿನ ರಜೆ ಹಾಕಿ ತಂದಿದ್ದೀನಿ. ಹೂವಿನ ಹಾಗೆ ಬಂತು."

ಅವಳ ಹೆಗಲ ಚೀಲ ಜಾರಿ ಮೊಣಕೈಗೆ ಬಂತು.

"ನನಗೆ ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ಏನಾಗ್ತಿತ್ತು, ನೀನು ಓಡಿಸ್ತಿದ್ಯಾ?" ಅವನು ಪಕ್ಕದ ಮನೆಯವರ ಕಡೆ ನೋಡಿ ನಕ್ಕ. "ನಾಲ್ಕು ದಿನದ ಲಾರಿ ಧೂಳು. ಕತ್ತಲಾಗೋದ್ರೊಳಗೆ ಒಳಗೂ ಹೊರಗೂ ಒಂದ್ಸಲ ಒರೆಸಿಬಿಡು. ಅದಕ್ಕೂ ಮುಂಚೆ ಟೀ ಇಡು."

ಟೀ ಇಟ್ಟಳು. ಬಕೆಟ್ಟು ತಂದಳು. ಮನೆಯಲ್ಲಿ ಒರೆಸಬೇಕಾದ ವಸ್ತು ಒಂದು ಹೆಚ್ಚಾಗಿತ್ತು. ಹಿಂದಿನ ಬಲಬದಿಗೆ ಬಂದಾಗ ಬಟ್ಟೆಯ ಕೆಳಗೆ ಬೆರಳು ತಡೆಯಿತು. ಗೇಣುದ್ದದ ಗೀರು, ಅದರೊಳಗೆ ಬಿಳಿ ಸುಣ್ಣ. ಚೀಲದಿಂದ ಹಾಳೆ ತೆಗೆದು ನೋಡಿದಳು. ಹನ್ನೊಂದರಲ್ಲಿ ಅದಿರಲಿಲ್ಲ.

"ರೀ, ಇದೇನಿದು?"

"ಲಾರಿಯವರು ಮಾಡಿರ್ತಾರೆ."

"ಮತ್ತೆ ಹಾನಿಯೇನೂ ಇಲ್ಲ ಅಂತ ಸಹಿ ಹಾಕಿದ್ದೀರಲ್ಲ?" ಡ್ಯಾಶ್‌ಬೋರ್ಡಿನ ಮೇಲಿದ್ದ ರಸೀದಿಯನ್ನು ಎತ್ತಿ ತೋರಿಸಿದಳು. "ಆ ಲಾರಿ ನಮ್ಮ ಗೇಟಿನ ಕಂಬಕ್ಕೂ ನೀಲಿ ಬಣ್ಣ ಹಚ್ಚಿ ಹೋಯ್ತಾ?"

ಮೈದುನ ಕಿಸಕ್ಕನೆ ನಕ್ಕು, ಅಣ್ಣನ ಮುಖ ನೋಡಿ ಕೆಮ್ಮಿದ.

"ಸಣ್ಣ ಗೀರಿಗೆ ಏನು ರಾಮಾಯಣ ನಿಂದು!"

"ಕೀ ಕೊಡಿ."

"ಲೈಸೆನ್ಸ್ ಬರಲಿ, ಕೊಡೋಣ. ಅಲ್ಲಿ ತನಕ ಬೇಕಾದ ಕಡೆ ನಾನೇ ಕರ್ಕೊಂಡು ಹೋಗ್ತೀನಲ್ಲ." ಕೀಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಮೇಲಿಂದ ಎರಡು ಸಲ ತಟ್ಟಿ, ಅವನು ಒಳಗೆ ಹೋದ. ಮೈದುನ ರೇಡಿಯೋ ಆರಿಸಿ ಹಿಂದೆಯೇ ಹೋದ.

ಅವಳು ಒಳಗೆ ಒರೆಸಲೆಂದು ಡ್ರೈವರ್ ಸೀಟಿನಲ್ಲಿ ಕೂತಳು. ಕಾಲು ಪೆಡಲಿಗೆ ಎಟುಕಲಿಲ್ಲ. ಸೀಟು ಅವನ ಕಾಲಿನ ಉದ್ದಕ್ಕೆ ಹಿಂದೆ ಸರಿದಿತ್ತು. ಕನ್ನಡಿ ಅವನ ಎತ್ತರಕ್ಕೆ ತಿರುಗಿ ಅವಳಿಗೆ ಬರೀ ಛಾವಣಿ ತೋರಿಸುತ್ತಿತ್ತು. ಗಿಡ್ಡ ಚಿಕ್ಕಮ್ಮ ಇಷ್ಟು ವರ್ಷ ಕೂರುತ್ತಿದ್ದ ಚೌಕದ ದಿಂಬು ಡಿಕ್ಕಿಯಲ್ಲಿ ಮಗುಚಿಬಿದ್ದಿತ್ತು. ಎದ್ದುಹೋಗಿ ಅದನ್ನು ತಂದು ಹಾಕಿಕೊಂಡಳು, ಸೀಟು ಮುಂದಕ್ಕೆಳೆದಳು, ಕನ್ನಡಿ ಇಳಿಸಿದಳು. ಅಷ್ಟರಲ್ಲಿ ಫೋನು ಬಂತು.

"ತಲುಪಿತೇನೇ? ಏಜೆಂಟ್ ಹೇಳ್ದ." ಚಿಕ್ಕಮ್ಮನ ದನಿ ಕುಣಿಯುತ್ತಿತ್ತು. "ನೀನೇ ಓಡಿಸ್ಕೊಂಡು ಬಂದ್ಯಾ?"

ಜೇಬಕ್ಕ ಗೇಟಿನ ಕಂಬದ ನೀಲಿಯನ್ನೇ ನೋಡಿದಳು.

"ಹೂಂ ಚಿಕ್ಕಮ್ಮ."

"ಎಲ್ಲಿ, ಹೇಳು ಹೇಳು! ಎರಡನೇ ಗೇರು ಸ್ವಲ್ಪ ಹಟ ಮಾಡುತ್ತೆ, ಗೊತ್ತಾಯ್ತಾ?"

"ಗೊತ್ತಾಯ್ತು. ಬಾಟಲಿ ಕಾರ್ಖಾನೆ ತಿರುವಲ್ಲಿ ಹಟ ಮಾಡ್ತು." ಹಾಳೆಯ ಹಿಂಬದಿ ತೊಡೆಯ ಮೇಲಿತ್ತು. ಅವಳಿಗೆ ಅದು ಬೇಕಾಗಲಿಲ್ಲ. ಎರಡು ಹಂಪು ಹೇಳಿದಳು, ಸೇತುವೆಯ ಏರು ಹೇಳಿದಳು, ಹಿಂದಿನಿಂದ ಹಾರ್ನು ಹೊಡೆದ ಟೆಂಪೋದವನನ್ನು ಕೂತಲ್ಲೇ ಹುಟ್ಟಿಸಿದಳು.

"ನಿನ್ನ ಗಂಡ ಪಕ್ಕದಲ್ಲಿದ್ನಾ?"

"ಇದ್ರು. ಬಾಯಿ ಮುಚ್ಕೊಂಡು ಕೂತಿದ್ರು."

ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. "ನಂಗೆ ಅಷ್ಟು ಸಾಕು ಕಣೇ, ಅಷ್ಟು ಸಾಕು," ಎಂದು ಫೋನಿಟ್ಟಳು. ಆ ನಗು ಜೇಬಕ್ಕನ ಕಿವಿಯಲ್ಲಿ ಉಳಿದು ಉರಿಯಿತು. ಹುಟ್ಟಿದಾಗಿನಿಂದ ಚಿಕ್ಕಮ್ಮನಿಗೆ ಹೇಳಿದ ಮೊದಲ ಸುಳ್ಳು ಅದು. ಹೇಳಿಸಿದವರು ಒಳಗೆ ಕೂತು ಟೀ ಕುಡಿಯುತ್ತಿದ್ದರು. ಪೆನ್ನು ತೆಗೆದು, ಹಾಳೆಯಲ್ಲಿ ಹನ್ನೆರಡನೆಯ ಗುರುತು ಹಾಕಿ ಪಕ್ಕದಲ್ಲಿ ತಾರೀಖು ಬರೆದಳು. ಆಮೇಲೆ ಮೇಷ್ಟ್ರಿಗೆ ಫೋನು ಮಾಡಿದಳು.

"ನಾಳೆ ಆರಕ್ಕೆ ಸ್ಕೂಲ್ ಕಾರು ಬೇಡ ಮೇಷ್ಟ್ರೇ, ನಡ್ಕೊಂಡೇ ಮನೆಗೆ ಬನ್ನಿ. ಗೋಡೌನಿನ ತನಕ ಹೋಗಿ ಅಲ್ಲಿಂದ ವಾಪಸ್ ಬರ್ಬೇಕು."

"ಹಾಗಾದ್ರೆ ಕಾರು ಮನೆಗೇ ಬಂದಾಯ್ತಲ್ಲ ಅಮ್ಮ, ಮತ್ತೆ ಅಲ್ಲಿಗ್ಯಾಕೆ?"

"ಇನ್ನೂ ಬಂದಿಲ್ಲ," ಎಂದಳು.

ಬಕೆಟ್ಟಿನ ನೀರು ಚೆಲ್ಲಿ ಒಳಗೆ ಹೋದಾಗ ಗಂಡ ಬನಿಯನ್ನಿನಲ್ಲಿ ಕೂತು ಟಿವಿ ನೋಡುತ್ತಿದ್ದ. ಬಾಗಿಲ ಹಿಂದಿನ ಮೊಳೆಯಲ್ಲಿ ಅಂಗಿ ನೇತಾಡುತ್ತಿತ್ತು.

"ನೆನೆಹಾಕೋಕೆ ಏನಿದೆ?" ದಿನಾ ಕೇಳುವ ಮಾತನ್ನೇ ಕೇಳಿದಳು.

"ಬಾಗಿಲ ಹಿಂದೆ ಅಂಗಿ ಇದೆ ನೋಡು," ಎಂದ, ಟಿವಿಯಿಂದ ಕಣ್ಣು ಕೀಳದೆ. "ಜೇಬಲ್ಲಿ ಏನಾದ್ರೂ ಇದ್ರೆ ತೆಗೆದಿಡು."

ತೆಗೆದಿಟ್ಟಳು.