ಕಣಗಿಲೆ ಎಲೆಯಡಿ ತೂಗಿದ ಬೆಳ್ಳಿಮಣಿ

"ಮಾಟ ಅಲ್ಲ ಚಿಗಪ್ಪಾ, ಹುಳ ಅದು! ನಮ್ಮವ್ವ ಏನೂ ಕಟ್ಟಿಲ್ಲ!"

ಕೂಗಿ ಕೂಗಿ ನನ್ನ ಗಂಟಲು ಹರಿದಿತ್ತು. ಚಿಗಪ್ಪ ಕೊಡಲಿ ಹಿಡಿದು ಅಂಗಳದ ಕಣಗಿಲೆ ಗಿಡದ ಮುಂದೆ ನಿಂತಿದ್ದ.

ಅವನ ಎಮ್ಮೆ ನಾಲ್ಕು ದಿನದಿಂದ ಹಾಲು ಕೊಡುತ್ತಿರಲಿಲ್ಲ. ಗಿಡದ ಎಲೆಯಡಿ ಬೆಳ್ಳಿಮಣಿಯಂಥದ್ದೊಂದು ತೂಗುತ್ತಿತ್ತು. ಆ ಗಿಡಕ್ಕೆ ದಿನಾ ನೀರು ಹಾಕುವವಳು ನಮ್ಮವ್ವ. ಅಪ್ಪ ತೀರಿದ ಮೇಲೆ ಕಮಲಾಪುರದ ಚಿಗಪ್ಪನ ಮನೆಯಲ್ಲಿ ದುಡಿದುಕೊಂಡು ಉಳಿದವಳು.

ಮಾಟ ಅನ್ನಲು ಅವರಿಗೆ ಅಷ್ಟೇ ಸಾಕಾಯಿತು...

"ಗಂಡನ್ನ ನುಂಗಿದಾಕಿ, ಈಗ ನನ್ನ ಎಮ್ಮಿ ಮ್ಯಾಲೆ ಕಣ್ಣು! ಇವತ್ತ ಹೊರಗ ಹಾಕ್ರಿ ಇಕೀನ" ಅಂದಳು ಚಿಗವ್ವ.

ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ಒಪ್ಪುತ್ತೇನೆ. ಕಣ್ಣು ಬಿಟ್ಟು ನೋಡುವುದನ್ನು ಬಿಟ್ಟಿಲ್ಲ.

ಎಲೆಯಡಿ ನವಣೆ ಕಾಳಿನಷ್ಟು ಮೊಟ್ಟೆ ಇದ್ದಾಗಿನಿಂದ ನೋಡಿದ್ದೆ. ಅದರಿಂದ ಬಂದ ಕಪ್ಪು ಕೊಂಬಿನ ಹುಳ ಆ ವಿಷದ ಎಲೆಯನ್ನೇ ತಿಂದು ದಪ್ಪಗಾಯಿತು. ಆಮೇಲೆ ತಲೆಕೆಳಗಾಗಿ ಜೋತುಬಿದ್ದು, ಚರ್ಮ ಕಳಚಿ, ಹೊಳೆಯುವ ಮಣಿಯಾಯಿತು.

ಅವತ್ತು ಹೊಳಪು ಹೋಗಿ ಒಳಗಿನ ರೆಕ್ಕೆ ಕಾಣುತ್ತಿತ್ತು.

"ನೋಡ್ರಿ, ಕರ್ರಗಾತು! ಮಾಟ ಏರೇತಿ!" ಅಂದಳು ಚಿಗವ್ವ.

ಟೊಂಗೆ ಮುರಿದು ಪಡಸಾಲೆಗೆ ತಂದೆ. "ಕುಂದ್ರಿ. ನಿಮ್ಮ ಕಣ್ಣಾರೆ ನೋಡ್ರಿ."

ಕೈ ಜೋಮು ಹಿಡಿದರೂ ಟೊಂಗೆ ಕೆಳಗಿಡಲಿಲ್ಲ.

ಕೊನೆಗೆ ಮಣಿ ಸೀಳಿಕೊಳ್ಳುತ್ತದೆ. ಮುದ್ದೆಯಾದ ಒದ್ದೆ ರೆಕ್ಕೆ ಎಳೆದುಕೊಂಡು ಚಿಟ್ಟೆ ಹೊರಗೆ ಬರುತ್ತದೆ. ಮೆಲ್ಲಗೆ ರೆಕ್ಕೆ ಬಿಡಿಸಿಕೊಳ್ಳುತ್ತದೆ... ಕಂದು ಬಣ್ಣ, ಅಂಚಿಗೆ ಬಿಳಿ ಚುಕ್ಕಿ.

ಗೆದ್ದೆ ಅಂದುಕೊಂಡೆ.

ಚಿಗಪ್ಪ ಕೆಮ್ಮಿದ. "ನೋಡಲೇ, ಮಾಟ ಈಗ ಚಿಟ್ಟಿ ವೇಷ ಹಾಕೇತಿ. ಒಲಿಗೆ ಹಾಕು ಅದನ್ನ."

ಮೈಯೆಲ್ಲ ಉರಿಯಿತು. "ಬಳ್ಳಾರಿ ಕಲೆಕ್ಟರ್ ದೊರಿ ಬಂದು ತೋರಿಸಿದ್ರೂ ನೀವು ನಂಬಂಗಿಲ್ಲ. ನಿಮ್ಮ ಎಮ್ಮಿಗೆ ಮೊದ್ಲು ಮೇವು ಹಾಕ್ರಿ!"

ಚಿಟ್ಟೆ ಕೂತಿದ್ದ ಟೊಂಗೆಯನ್ನು ಕಿಟಕಿಯ ಆಚೆ ಬೇಲಿಗೆ ಸಿಕ್ಕಿಸಿದೆ. ಅದರ ಪಾಡು ಅದಕ್ಕೆ.

ಮೂಲೆಯಲ್ಲಿದ್ದ ಅವ್ವ ಮುಂದೆ ಬಂದು ಚಿಗಪ್ಪನ ಕಾಲಿಗೆ ಬಗ್ಗಿದಳು. "ತಪ್ಪಾತು ಅಂತೀನಿ ಮೈದುನ. ಇಲ್ಲೇ ಒಂದು ಮೂಲ್ಯಾಗ ಇರ್ತೀನಿ."

ಮಾಡದ ತಪ್ಪಿಗೆ!

ರಟ್ಟೆ ಹಿಡಿದು ಎಬ್ಬಿಸಿದೆ. "ಏಳಬೇ. ಬ್ಯಾಡ. ಕಂಪ್ಲಿಯಾಗ ಸೋದರಮಾವನ ಮನಿ ಐತಿ. ನಾ ಕೂಲಿ ಮಾಡ್ತೀನಿ. ಇವ್ರ ಕಾಲಿಗೆ ಬೀಳೂದು ಇವತ್ತಿಗೆ ಮುಗೀತು."

"ಹೊರಗ ಹೋದ್ರ ಮತ್ತ ಒಳಗ ಬಿಡಂಗಿಲ್ಲ" ಅಂದ ಚಿಗಪ್ಪ.

"ಕರದ್ರೂ ಬರಂಗಿಲ್ಲ."

ಹೊಸ್ತಿಲಲ್ಲಿ ಅವ್ವ ಒಮ್ಮೆ ಹಿಂದೆ ತಿರುಗಿದಳು. ನಾನು ತಿರುಗಲಿಲ್ಲ. ಅವಳನ್ನು ದಾಟಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ದಢಾರನೆ ಹಾಕಿದೆ.