ಹದಿನಾಲ್ಕನೆಯ ಜಾಗದ ಮರ

ಬೆಟ್ಟಗಳ ನಡುವಿನ ಆ ಸರೋವರದ ದಂಡೆಯ ಅರಣ್ಯ ಉದ್ಯಾನದಲ್ಲಿ ಗುಡಾರ ಹಾಕಲು ಗುರುತಿಸಿದ ಜಾಗಗಳು ಮೂವತ್ತೊಂದು. ಹೆಬ್ಬಾಗಿಲ ಫಲಕದಲ್ಲಿ ಮೂವತ್ತು ಎಂದು ಬರೆದಿರುವುದು ತಪ್ಪು. ಹತ್ತೊಂಬತ್ತು ವರ್ಷ ಆ ಮೂವತ್ತೊಂದನ್ನೂ ಗುಡಿಸಿ, ಕಲ್ಲು ಆಯ್ದು, ಬಂದವರ ಗುಡಾರಗಳಿಗೆ ಗೂಟ ಹೊಡೆದುಕೊಟ್ಟವಳು ಒಬ್ಬಳೇ ಹೆಂಗಸು. ಎಲ್ಲರೂ ಆಕೆಯನ್ನು ಕರೆಯುತ್ತಿದ್ದದ್ದು ಗೂಟದಕ್ಕ ಎಂದು.

"ನೀನೂ ಇಲ್ಲೇ ಗೂಟ ಹೊಡ್ಕೊಂಡು ಕೂತ್ಬಿಟ್ಟೆ" ಎಂದು ಕ್ಯಾಂಟೀನಿನವನು ಛೇಡಿಸಿದರೆ, "ನಾನು ಹೊಡೆದ ಗೂಟ ಅಲ್ಲಾಡಲ್ಲ ಕಣಪ್ಪ, ನಿನ್ನ ಬೆಂಚು ನೋಡ್ಕೋ" ಎನ್ನುವಳು.

ಮೊದಲು ಮಳೆಗಾಲದ ಮೂರು ತಿಂಗಳು ಉದ್ಯಾನವನ್ನು ಮುಚ್ಚುತ್ತಿದ್ದರು. ತುಳಿದು ತುಳಿದು ಗಟ್ಟಿಯಾದ ನೆಲ ಆಗ ಉಸಿರಾಡುತ್ತಿತ್ತು. ಕೆಲಸಗಾರರು ಒಂದೊಂದೇ ಮರವನ್ನು ಬುಡದಿಂದ ತುದಿಯವರೆಗೆ ನೋಡಿ, ಒಣಕೊಂಬೆ ಕಡಿದು, ಬೀಳುವಂಥದ್ದನ್ನು ತಾವೇ ಉರುಳಿಸುತ್ತಿದ್ದರು. ಎರಡು ವರ್ಷಗಳ ಹಿಂದೆ 'ವರ್ಷವಿಡೀ ತೆರೆದಿದೆ' ಎಂಬ ಹೊಸ ಫಲಕ ಬಂತು. ಮರ ನೋಡುವ ಕೆಲಸ ಇನ್ನು ಯಾವ ತಿಂಗಳಲ್ಲಿ ಆಗಬೇಕೆಂದು ಆದೇಶದಲ್ಲಿ ಬರೆದಿರಲಿಲ್ಲ. ಮರೆತರು ಎನ್ನಲೂ ಆಧಾರವಿಲ್ಲ. ಮರವೆಂಬ ಪದವೇ ಆ ಆದೇಶದಲ್ಲಿಲ್ಲ.

ಹದಿನಾಲ್ಕನೆಯ ಜಾಗ ನೀರಿಗೆ ಎಲ್ಲಕ್ಕಿಂತ ಹತ್ತಿರ. ಅದರ ತಲೆಯ ಮೇಲೆ, ಇಬ್ಬರು ಕೈ ಚಾಚಿ ತಬ್ಬಿದರೂ ಒಂದು ಗೇಣು ಉಳಿಯುವಷ್ಟು ದಪ್ಪದ ಹಳೆಯ ಮರವೊಂದು ಸರೋವರದ ಕಡೆ ವಾಲಿ ನಿಂತಿದೆ. ಉದ್ಯಾನದ ಜಾಹೀರಾತಿನಲ್ಲಿರುವ ಚಿತ್ರ ಇದೇ ಮರದ್ದು. ಬಂದವರಿಗೆಲ್ಲ ಬೇಕಾದದ್ದೂ ಇದೇ ಜಾಗ.

ಮಳೆಗಾಲದಲ್ಲೂ ಗುಡಾರ ಬಿದ್ದ ಮೊದಲ ವರ್ಷದ ಕೊನೆಗೆ, ಆ ಮರದ ಬೆನ್ನಿನ ಕಡೆ ಮಣ್ಣು ಬಾಯಿ ಬಿಟ್ಟದ್ದನ್ನು ಗೂಟದಕ್ಕ ಕಂಡಳು. ಕೈಬೆರಳು ಒಳಗೆ ಇಳಿಯುವಷ್ಟು ಬಿರುಕು. ಆ ದಿನ ಕೆಲಸಗಾರರ ಸಾಲುಮನೆಯ ತನ್ನ ಒಂದೇ ಕೋಣೆಗೆ ಹೋದವಳೇ ಗಂಡನನ್ನು ಕೇಳಿದಳು. ಆತ ಗಾರೆಯವನು, ಸೊಂಟ ಹೋಗಿ ಮಂಚ ಹಿಡಿದಿದ್ದ.

"ರೀ, ವಾಲಿರೋದು ಇನ್ನೂ ವಾಲ್ತಾ ಇದೆಯಾ ಅಂತ ಹೇಗೆ ನೋಡೋದು?"

"ನನ್ನನ್ನಾ?"

"ನಿಮ್ಮದು ಗೊತ್ತಿರೋದೇ ಬಿಡಿ. ಮರದ್ದು."

ಆತ ಮಂಚದಡಿಯ ಚೀಲದಿಂದ ಹಿತ್ತಾಳೆಯ ತೂಗುಗುಂಡನ್ನು ತೆಗೆಸಿಕೊಟ್ಟ. ಗೋಡೆ ನೆಟ್ಟಗಿದೆಯೇ ಎಂದು ತಿಳಿಯಲು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಅದು. "ಕೆಳಗಿನ ಕೊಂಬೆಯಿಂದ ಇಳಿಬಿಡು. ಮೊನೆ ಎಲ್ಲಿ ನಿಲ್ಲುತ್ತೋ ಅಲ್ಲೊಂದು ಗೂಟ ಹೊಡಿ. ತಿಂಗಳು ಬಿಟ್ಟು ಮತ್ತೆ ಇಳಿಬಿಡು. ಗುಂಡು ಸುಳ್ಳು ಹೇಳಲ್ಲ."

ಹನ್ನೊಂದು ತಿಂಗಳು, ಗಾಳಿಯಿಲ್ಲದ ಬೆಳಗಿನಲ್ಲಿ, ಆಕೆ ಗುಂಡು ಇಳಿಬಿಟ್ಟಳು. ಮೊನೆ ಮೊದಲ ಗೂಟದಿಂದ ಏಳು ಬೆರಳು ಮುಂದೆ ಸರಿದಿತ್ತು, ಅದರಲ್ಲಿ ನಾಲ್ಕು ಬೆರಳು ಕೊನೆಯ ಎರಡೇ ತಿಂಗಳಲ್ಲಿ. ಈ ನಡುವೆ ಮೂರು ಅರ್ಜಿ ಬರೆಸಿ ಕೊಟ್ಟಿದ್ದಳು. ಮೂರನೆಯದಕ್ಕೆ ತಜ್ಞರೊಬ್ಬರು ಬಂದರು. ಬೇಸಿಗೆಯ ಮಧ್ಯಾಹ್ನ ಕಾಂಡವನ್ನು ಎರಡು ಸಲ ತಟ್ಟಿ, 'ಮರ ಹಸಿರಾಗಿದೆ, ಆರೋಗ್ಯವಾಗಿದೆ' ಎಂದು ಬರೆದು ಹೋದರು. ಬಿರುಕಿನಲ್ಲಿ ಆಗ ತರಗೆಲೆ ತುಂಬಿತ್ತು. ಅದನ್ನು ಸರಿಸಿ ನೋಡಲಿಲ್ಲ.

"ಸಾರ್, ಆ ಒಂದು ಜಾಗ ಮುಚ್ಚಿಬಿಡಿ" ಎಂದು ಮ್ಯಾನೇಜರರ ಮುಂದೆ ನಿಂತಳು.

ಮ್ಯಾನೇಜರ್ ಕೆಟ್ಟವರಲ್ಲ. ಕಂಪ್ಯೂಟರನ್ನೇ ಆಕೆಯ ಕಡೆ ತಿರುಗಿಸಿದರು. "ನೋಡಿ ಅಕ್ಕ, ಬುಕಿಂಗ್ ಎಲ್ಲ ಮೇಲಿನ ಆಫೀಸಿಂದ. ಇದರಲ್ಲಿ 'ಖಾಲಿ' ಅಂತಿದೆ, 'ಭರ್ತಿ' ಅಂತಿದೆ. 'ಮುಚ್ಚಿದೆ' ಅನ್ನೋದೇ ಇಲ್ಲ. ನಾನೇನು ಒತ್ತಲಿ?"

ಆಗ ಗೂಟದಕ್ಕ ತನ್ನ ಜೀವಮಾನದ ತಪ್ಪನ್ನು ಮಾಡಿದಳು. ಹದಿನಾಲ್ಕಕ್ಕೆ ಬಂದವರಿಗೆಲ್ಲ, "ಅಲ್ಲಿ ಕಣಜದ ಗೂಡಿದೆ, ಮಕ್ಕಳನ್ನ ಕಚ್ಚಿದ್ರೆ ಕಷ್ಟ" ಎಂದು ಹೇಳಿ ಬೇರೆ ಜಾಗದಲ್ಲಿ ಗೂಟ ಹೊಡೆದುಕೊಟ್ಟಳು. ಮರ ಬೀಳುತ್ತದೆಂದರೆ ನಗುವ ಜನ ಕಣಜವೆಂದರೆ ಕೂಡಲೇ ಹಿಂದೆ ಸರಿದರು. ಐದು ಕುಟುಂಬಗಳು ಹೀಗೆ ಪಾರಾದವು. ಆರನೆಯವರು ದೂರು ಕೊಟ್ಟರು. ಗೂಡು ಕೀಳಲು ಮುಖಕ್ಕೆ ಬಲೆ ಕಟ್ಟಿಕೊಂಡು ಬಂದವನು ಅರ್ಧ ದಿನ ಹುಡುಕಿ, "ಕಣಜ ಇರಲಿ, ಒಂದು ನೊಣಾನೂ ಇಲ್ಲ" ಎಂದ.

ಮ್ಯಾನೇಜರ್ ಮೂರೂ ಅರ್ಜಿಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

"ಕಣಜ ಅಂದದ್ದು ಸುಳ್ಳು. ಹಾಗಾದ್ರೆ ಇದೂ ಅದೇ ಜಾತಿದಾ ಅಕ್ಕ?"

"ಕಣಜ ಸುಳ್ಳು ಸಾರ್. ಮರ ಸುಳ್ಳಲ್ಲ."

"ಮೇಲಿನವರಿಗೆ ನಾನು ಹಾಗಂತ ಬರೀಲಾ?"

ಮರುದಿನವೇ ಆಕೆಯನ್ನು ಗೇಟಿಗೆ ಹಾಕಿದರು. ಗೂಟ ಹೊಡೆಯಲು ಬಂದ ಹೊಸಬ, ಬಂದವರ ಕಾಲಿಗೆ ತೊಡರುತ್ತದೆಂದು, ಅಳತೆಯ ಮೊದಲ ಗೂಟವನ್ನು ಕಿತ್ತೆಸೆದ. ಹನ್ನೊಂದು ತಿಂಗಳಿಗಿದ್ದ ಒಂದೇ ಸಾಕ್ಷಿ ಅದು.

"ನಿಮ್ಮ ಸಾಹೇಬ್ರಿಗೆ ಮರ ಬೀಳುತ್ತೆ ಅಂತ ಗೊತ್ತಾಗೋದು ಬಿದ್ದ ಮೇಲೇ ಕಣೇ" ಎಂದ ಗಂಡ. ನಗಿಸಲೆಂದೇ ಅಂದದ್ದು. ಆಕೆ ನಗಲಿಲ್ಲ.

ಗೇಟಿನ ಕೆಲಸವೆಂದರೆ ಚೀಟಿ ಹರಿಯುವುದು, ಜಾಗದ ಸಂಖ್ಯೆ ಕೊರೆದ ಮರದ ಬಿಲ್ಲೆಯನ್ನು ಬಂದವರ ಕೈಗೆ ಕೊಡುವುದು. ಹೊಸ ಫಲಕ ಬಂದ ಮೇಲಿನ ಮೂರನೆಯ ಮಳೆಗಾಲದ ಒಂಬತ್ತನೆಯ ದಿನ, ಶನಿವಾರ, ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳಿದ್ದ ಕಾರೊಂದು ಬಂದು ನಿಂತಿತು.

"ಹದಿನಾಲ್ಕು" ಎಂದ ತಂದೆ. "ಆ ವಾಲಿರೋ ಮರದ್ದೇ ತಾನೇ? ಅದಕ್ಕೇ ಒಂದು ತಿಂಗಳು ಕಾದ್ವಿ."

"ಸ್ವಾಮಿ, ಆ ಮರ ಬೀಳುತ್ತೆ. ಇಪ್ಪತ್ತೆರಡು ಖಾಲಿ ಇದೆ, ಅಲ್ಲಿಗೆ ಹೋಗಿ."

"ಯಾರು ಹೇಳಿದ್ದು?"

"ನಾನೇ ಅಳೆದಿದ್ದೀನಿ" ಎಂದು ಸೆರಗಿನ ಗಂಟಿನಿಂದ ಗುಂಡನ್ನು ತೆಗೆದು ತೋರಿಸಿದಳು.

ಆತನಿಗೆ ಸಿಟ್ಟು ಬರಲಿಲ್ಲ, ನಗು ಬಂತು. "ಇದು ಗೋಡೆಗಲ್ವೇನಮ್ಮ?" ಎನ್ನುತ್ತ ಫೋನನ್ನು ಮುಂದೆ ಹಿಡಿದ. "ನೋಡಿ, ಇಲ್ಲಿಗೆ ಬಂದು ಹೋದವರು ಬರೆದಿದ್ದಾರೆ. 'ಹದಿನಾಲ್ಕರಲ್ಲಿ ಕಣಜ ಇದೆ ಅಂತ ಒಬ್ಬಮ್ಮ ಹೆದರಿಸ್ತಾರೆ, ನಂಬಬೇಡಿ, ಜಾಗ ಸ್ವರ್ಗ.' ನೀವೇನಾ ಅದು?"

"ನಾನೇ. ಆದ್ರೆ ಇದು ನಿಜ."

"ಆಯ್ತಮ್ಮ, ಬಿಲ್ಲೆ ಕೊಡಿ."

ಹಿಂದಿನ ವಾಹನ ಹಾರ್ನ್ ಹೊಡೆಯಿತು. ಕಿಟಕಿಯಿಂದ ಚಿಕ್ಕ ಹುಡುಗಿ ಕೈ ಚಾಚಿ ಬಿಲ್ಲೆಯ ತುದಿ ಹಿಡಿದು ಎಳೆದಳು. ಗೂಟದಕ್ಕನ ಬೆರಳು ಬಿಡಲಿಲ್ಲ.

"ಅಜ್ಜಿ, ಬಿಡಿ ಅಜ್ಜಿ."

ಬಿಟ್ಟಳು.

ಗೇಟಿನಿಂದ ಆ ಮರದ ತುದಿಯಷ್ಟೇ ಕಾಣುತ್ತದೆ, ಬೇರೆ ಮರಗಳ ನೆತ್ತಿಯಿಂದ ಒಂದು ಆಳೆತ್ತರ ಮೇಲೆ. ಮಧ್ಯಾಹ್ನ ನೀರಿನ ಮೇಲಿಂದ ಗಾಳಿ ಎದ್ದು ಹನಿ ಶುರುವಾಯಿತು. ಆಕೆ ಒಂದು ಚೀಟಿ ಹರಿದು ಆ ಕಡೆ ತಿರುಗಿ ನೋಡಿದಳು. ತುದಿ ಇತ್ತು. ಮುಂದಿನ ವಾಹನದವರು ಹನ್ನೆರಡನೆಯ ಜಾಗಕ್ಕೆ ದಾರಿ ಕೇಳಿದರು. ಹೇಳಿದಳು. ಮತ್ತೆ ತಿರುಗಿ ನೋಡಿದಳು.